ಓಡಿಹೋದವಳನ್ನು ಮರಳಿ ತರುವ ಹಕ್ಕು

ನಾನು ನಾಲ್ಕನೇ ಇಯತ್ತೆವರೆಗೆ ಓದಿದವಳು. ಆಮೇಲೆ ಮನೆಯಲ್ಲಿ ತೊಟ್ಟಿಲು ತೂಗಲು ಕೈ ಬೇಕಾಯಿತು, ಶಾಲೆ ಬಿಡಿಸಿದರು. ತತ್ವಶಾಸ್ತ್ರದ ಬಗ್ಗೆ ಬರೆಯಲು ಕೂತ ಮುದುಕಿಯ ಯೋಗ್ಯತೆ ಎಷ್ಟು ಎಂದು ಓದುವವರಿಗೆ ಮೊದಲೇ ಗೊತ್ತಿರಲಿ.

ನಮ್ಮ ಧಾರವಾಡದ ಕಡೆ ಹಕ್ಕು ಎಂಬ ಮಾತನ್ನು ನಾನು ಗಂಡಸರ ಬಾಯಲ್ಲಿ ಮಾತ್ರ ಕೇಳಿದ್ದೆ. ಬಾವಿಯ ಹಕ್ಕು, ಬದುವಿನ ಹಕ್ಕು, ಅದಕ್ಕಾಗಿ ಕೋರ್ಟಿಗೆ ಅಲೆದಾಟ. ಹೆಂಗಸರಿಗೆ ಬೇರೆ ಮಾತುಗಳಿದ್ದವು: ಋಣ, ಹಣೆಬರಹ, ಸೈರಣೆ. ಹಕ್ಕಿನ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರಿದ್ದಾರೆ ಎಂದು ಗೊತ್ತಾದದ್ದು ಲಂಡನ್ನಿನ ವೆಂಬ್ಲಿಯ ಈ ಫ್ಲ್ಯಾಟಿಗೆ ಬಂದ ಎಷ್ಟೋ ವರ್ಷಗಳ ಮೇಲೆ, ಮೊಮ್ಮಗಳು ಕಾಲೇಜು ಸೇರಿದಾಗ. ಅವಳ ತಾಯಿ, ಅಂದರೆ ನನ್ನ ಮಗಳು, ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ ಹೆಂಗಸರು. ಮಗಳು ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನು, ಮೊಮ್ಮಗಳು ಮತ್ತು ಅವಳ ಪುಸ್ತಕ.

ಅವಳು ಪರೀಕ್ಷೆಯ ಪ್ರಬಂಧ ಬರೆಯುವಾಗ ನನಗೆ ಹೇಳಿ ನೋಡುತ್ತಾಳೆ. ಅಜ್ಜಿಗೆ ಅರ್ಥವಾದರೆ ಮೇಷ್ಟ್ರಿಗೂ ಅರ್ಥವಾಗುತ್ತದೆ ಎಂದು ಅವಳ ಲೆಕ್ಕ. ನಾನು ಈಲಿಂಗ್ ರೋಡಿನಿಂದ ತಂದ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿರುತ್ತೇನೆ, ಅವಳು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಶುರು ಮಾಡುತ್ತಾಳೆ. ಆ ಸಲ ಅವಳು ಹಿಡಿದದ್ದು ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಜರ್ಮನ್ ಮೇಷ್ಟ್ರನ್ನು. ಅದು ಜ್ಞಾನೋದಯದ ಕಾಲವಂತೆ. ಜನ ತಮ್ಮ ತಲೆಯಿಂದ ತಾವೇ ಯೋಚಿಸಲು ಕಲಿತ ಕಾಲ ಎಂದಳು. ಅದಕ್ಕೂ ಮುಂಚೆ ಯಾರ ತಲೆಯಿಂದ ಯೋಚಿಸುತ್ತಿದ್ದರು ಎಂದು ಕೇಳಿದೆ. ರಾಜರು, ಪಾದ್ರಿಗಳು ಎಂದಳು.

ಆ ಮೇಷ್ಟ್ರು ಹೇಳಿದ್ದು ಇಷ್ಟು. ವಸ್ತುವಿಗೆ ಬೆಲೆ ಇರುತ್ತದೆ, ಮನುಷ್ಯನಿಗೆ ಬೆಲೆ ಕಟ್ಟಲು ಬರುವುದಿಲ್ಲ. ಹುಟ್ಟಿನಿಂದ ಬರುವ ಹಕ್ಕು ಒಂದೇ ಒಂದು: ಇನ್ನೊಬ್ಬರ ಮರ್ಜಿಯ ಕೆಳಗೆ ಬದುಕದೆ ಇರುವುದು. ಆ ಹಕ್ಕನ್ನು ಯಾರೂ ದಾನ ಕೊಡಬೇಕಾಗಿಲ್ಲ, ಬೇಡಬೇಕಾಗಿಯೂ ಇಲ್ಲ.

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಎಪ್ಪತ್ತು ದಾಟಿದ ಮೇಲೆ ಕೇಳಿದ ಒಳ್ಳೆಯ ಮಾತು ಎನಿಸಿತು. ಆದರೂ ನನಗೆ ಸುಮ್ಮನೆ ಒಪ್ಪುವ ಅಭ್ಯಾಸವಿಲ್ಲ.

"ಆ ಮೇಷ್ಟ್ರಿಗೆ ಲಗ್ನ ಆಗಿತ್ತೇನ?" ಎಂದೆ.

"ಇಲ್ಲ ಅಜ್ಜಿ. ಬ್ಯಾಚುಲರ್."

"ಮತ್ತ ಅಡಿಗಿ ಯಾರು ಮಾಡ್ತಿದ್ರು?"

ಆಳುಗಳಿದ್ದರಂತೆ. ಆ ಆಳಿಗೂ ಈ ಹಕ್ಕಿತ್ತೋ ಎಂದು ಕೇಳಿದಾಗ ಅವಳು ತಲೆ ಕೆರೆದುಕೊಂಡಳು. ಇತ್ತು, ಆದರೆ ಆಳುಗಳು ಮತ್ತು ಹೆಂಗಸರು ವೋಟು ಹಾಕುವಂಥ ಪೂರ್ತಿ ಪ್ರಜೆಗಳಲ್ಲ ಎಂದೂ ಅವನೇ ಬರೆದಿದ್ದಾನಂತೆ. "ನೋಡು ಮತ್ತ," ಎಂದು ನಾನು ಸೊಪ್ಪಿಗೆ ಕೈ ಹಾಕಿದೆ.

ಮರುದಿನ ಸಂಜೆ ಅವಳು ಇನ್ನೊಂದು ಪುಟ ತಂದಳು. ಮುಖ ಸಪ್ಪಗಿತ್ತು. ಅದೇ ಮೇಷ್ಟ್ರು, ಅದೇ ಹಕ್ಕಿನ ಪುಸ್ತಕ, ಮದುವೆಯ ಭಾಗ. ಕಟ್ಟಿಕೊಂಡವರಲ್ಲಿ ಒಬ್ಬರು ಓಡಿಹೋದರೆ ಇನ್ನೊಬ್ಬರು ಅವರನ್ನು ಹಿಡಿದು ಮರಳಿ ತರಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಕಳೆದುಹೋದ ವಸ್ತುವನ್ನು ತಂದುಕೊಳ್ಳುವ ಹಾಗೆ.

"ಗಂಡ ಓಡಿ ಹೋದ್ರೂ ಹೆಂಡತಿ ತರಬಹುದು. ಇಬ್ಬರಿಗೂ ಸೇಮ್ ರೈಟ್ ಅಂತಾನೆ," ಎಂದಳು ಅವಳು, ಅವನ ವಕೀಲಳ ಹಾಗೆ.

ಗಂಡನನ್ನು ಹೆಗಲ ಮೇಲೆ ಹೊತ್ತು ತಂದ ಹೆಂಗಸನ್ನು ನಾನು ನೋಡಿಲ್ಲ ಎಂದೆ. ನಿನ್ನೆ ಮನುಷ್ಯ ವಸ್ತುವಲ್ಲ ಅಂದವನು ಇವತ್ತು ಹೆಂಡತಿಯನ್ನು ಕಳೆದುಹೋದ ಎಮ್ಮೆಯ ಹಾಗೆ ಹುಡುಕಿ ತಾ ಅನ್ನುತ್ತಾನೆ, ಅವನಿಗೆ ನಿನ್ನೆಯದು ಇವತ್ತು ನೆನಪಿರುವುದಿಲ್ಲವೇ ಎಂದು ಕೇಳಿದೆ. ಅವಳು ಅದನ್ನು ಪ್ರಬಂಧದಲ್ಲಿ ಬರೆದಳೋ ಏನೋ. ನಾನು ಅದನ್ನು ಮರೆತು ಮಲಗಿದೆ. ಪುಸ್ತಕದ ಮಾತು ಪುಸ್ತಕದಲ್ಲಿರುತ್ತದೆ ಎಂದು ತಿಳಿದಿದ್ದೆ.

ನಮ್ಮ ಮೇಲಿನ ಮಹಡಿಯಲ್ಲಿ ಬೆಂಗಳೂರಿನ ಗಂಡಹೆಂಡತಿ ಇದ್ದರು. ಅವನು ಕ್ಯಾನರಿ ವಾರ್ಫಿನಲ್ಲಿ ಯಾವುದೋ ಬ್ಯಾಂಕಿನ ಕಂಪ್ಯೂಟರ್ ಕೆಲಸದವನು. ಲಿಫ್ಟಿನಲ್ಲಿ ಸಿಕ್ಕರೆ ಕೈ ಮುಗಿಯುತ್ತಿದ್ದ, ಹಬ್ಬದ ದಿನ ಕಾಲಿಗೂ ಬೀಳುತ್ತಿದ್ದ. ನನ್ನ ಕೈಚೀಲ ಹೊತ್ತು ಬಾಗಿಲವರೆಗೆ ತಂದುಕೊಟ್ಟದ್ದೂ ಉಂಟು. ಅವಳು ಸಣ್ಣ ಹುಡುಗಿ, ಕರಿಬೇವು ಕೇಳಲು ಬರುತ್ತಿದ್ದಳು. ಬಂದರೆ ನಿಂತೇ ಮಾತಾಡುತ್ತಿದ್ದಳು, ಕೂರುತ್ತಿರಲಿಲ್ಲ. ಫೋನು ಬಡಿದರೆ ಎರಡನೇ ಸಲ ಬಡಿಯುವುದರೊಳಗೆ ಎತ್ತುತ್ತಿದ್ದಳು. ಒಮ್ಮೆ ಮೊಣಕೈ ಮೇಲೆ ನೀಲಿಗಟ್ಟಿತ್ತು. ಕೇಳಿದೆ. ಕಪಾಟಿನ ಬಾಗಿಲು ತಗುಲಿತು ಎಂದಳು. ಕಪಾಟು ಹಾಗೆ ಬೆರಳು ಮೂಡುವಂತೆ ಹಿಡಿಯುವುದಿಲ್ಲ, ಅದು ನನಗೆ ಗೊತ್ತು.

ಒಂದು ಮಂಗಳವಾರ ಮಧ್ಯಾಹ್ನ ಅವಳು ಬಂದು ಬಾಗಿಲು ಬಡಿದಳು. ತುಟಿ ಒಡೆದಿತ್ತು. ಅಂಥ ಚಳಿಯಲ್ಲಿ ಮೈಮೇಲೆ ಕೋಟು ಇರಲಿಲ್ಲ. ನಾನು ಒಳಗೆ ಎಳೆದುಕೊಂಡೆ, ಕೂರಿಸಿದೆ, ಬಿಸಿ ಹಾಲು ಕೊಟ್ಟೆ. ಹಿಂದಿನ ರಾತ್ರಿ ಹೊಡೆದಿದ್ದ, ಬೆಳಗ್ಗೆ ಆಫೀಸಿಗೆ ಹೋಗುವಾಗ ಸಂಜೆ ಇನ್ನೂ ಇದೆ ಎಂದು ಹೇಳಿ ಹೋಗಿದ್ದ. ಪಾಸ್‌ಪೋರ್ಟು ಅವನ ಆಫೀಸಿನ ಡ್ರಾಯರಿನಲ್ಲಿ. ವೀಸಾ ಅವನ ಹೆಸರಿನ ಮೇಲೆ. ಅವನು ಹೆಂಡತಿ ಅಂದರೆ ಅವಳು ಇಲ್ಲಿರಬಹುದು, ಅಲ್ಲ ಅಂದರೆ ವಿಮಾನ. ಇದನ್ನು ಅವನು ದಿನಾ ಹೇಳುತ್ತಾನಂತೆ. ತಾಯಿಗೆ ಫೋನು ಮಾಡಿದರೆ ಸ್ವಲ್ಪ ಹೊಂದಿಕೊಂಡು ಹೋಗು ಎನ್ನುತ್ತಾಳಂತೆ. ತಂಗಿಯ ಮದುವೆ ಬಾಕಿ ಇದೆ.

ಮಗಳಿಗೆ ಫೋನು ಹಚ್ಚಿದೆ, ಎತ್ತಲಿಲ್ಲ, ವಾರ್ಡಿನಲ್ಲಿದ್ದರೆ ಎತ್ತುವುದಿಲ್ಲ. ಮೊಮ್ಮಗಳಿಗೆ ಹಚ್ಚಿದೆ, ಟ್ಯೂಬ್ ರೈಲಿನಲ್ಲಿ ನೆಲದ ಕೆಳಗೆಲ್ಲೋ ಇದ್ದಳು. ಮೆಸೇಜಿನಲ್ಲಿ ಮಾತಾಡಿ ಬಿಟ್ಟೆ. ಪೊಲೀಸರಿಗೆ ಮಾಡುತ್ತೇನೆ ಎಂದರೆ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಬೇಡ ಅಜ್ಜಿ. ಅವ್ರ ಕೆಲಸ ಹೋದ್ರೆ ವೀಸಾ ಹೋಗತ್ತೆ. ನಾನೂ ಹೋಗ್ತೀನಿ." ನನ್ನ ಇಂಗ್ಲಿಷಿನಲ್ಲಿ ಪೊಲೀಸರಿಗೆ ಎಷ್ಟು ಹೇಳಲಾಗುತ್ತಿತ್ತೋ ಅದೂ ಅನುಮಾನವೇ.

ಇಷ್ಟರಲ್ಲಿ ಬೆಲ್ಲು ಆಯಿತು. ಅವಳು ಫೋನು ಎತ್ತಿರಲಿಲ್ಲ, ಅದಕ್ಕೇ ಅವನು ಆಫೀಸು ಬಿಟ್ಟು ಬಂದಿದ್ದ. ಹುಡುಗಿಯನ್ನು ಒಳಗಿನ ಕೋಣೆಗೆ ಕಳಿಸಿ, ಸರಪಳಿ ಹಾಕಿ, ಬಾಗಿಲನ್ನು ನಾಲ್ಕು ಬೆರಳು ತೆರೆದೆ.

ನಮಸ್ಕಾರ ಅಜ್ಜಿ ಎಂದ. ನನ್ನ ಹೆಂಡತಿ ಬಂದಿದ್ದಾಳಾ ಎಂದು ಕೇಳಿದ. ಇಲ್ಲ ಎಂದೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. ಅವನು ನನ್ನ ಮುಖ ನೋಡಲಿಲ್ಲ, ಕೆಳಗೆ ನೋಡಿದ. ನಾನೂ ನೋಡಿದೆ.

ಅವಳ ಚಪ್ಪಲಿ. ಕೆಂಪು ಪಟ್ಟಿಯವು, ಒಂದರ ಪಟ್ಟಿಯನ್ನು ಕಪ್ಪು ದಾರದಲ್ಲಿ ಹೊಲಿದದ್ದು. ಕಾರಿಡಾರಿನಲ್ಲಿ ಏನೂ ಇಡಬೇಡಿ, ಬೆಂಕಿ ಬಿದ್ದರೆ ಓಡಲು ದಾರಿ ಬೇಕು ಎಂದು ಬಿಲ್ಡಿಂಗಿನವರು ಎಷ್ಟು ಸಲ ಹೇಳಿದ್ದಾರೋ. ನಮ್ಮ ಜನ ಕೇಳುವುದಿಲ್ಲ. ಯಾರ ಬಾಗಿಲ ಮುಂದೆ ಚಪ್ಪಲಿ ಇದೆ ನೋಡಿದರೆ ಯಾರದು ನಮ್ಮವರ ಮನೆ ಎಂದು ತಿಳಿಯುತ್ತದೆ. ಜೀವ ಉಳಿಸಿಕೊಳ್ಳಲು ಓಡಿ ಬಂದ ಹುಡುಗಿ ಕೂಡ ಹೊಸ್ತಿಲ ಹೊರಗೆ ನಿಂತು ಚಪ್ಪಲಿ ಬಿಟ್ಟು, ಕಾಲಿನಿಂದ ಎರಡನ್ನೂ ಜೋಡಿಸಿ ಒಳಗೆ ಬಂದಿದ್ದಳು. ನಾನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಂಡು ಒಳಗೆ ಬಾ ಎಂದು ನನ್ನ ಬಾಯಲ್ಲಿ ಬರುವ ಮಾತೇ ಅಲ್ಲ.

"ನನ್ನ ಹೆಂಡತಿ ಅಜ್ಜಿ," ಎಂದ, ಸಿಟ್ಟಿಲ್ಲದೆ. "ಕರ್ಕೊಂಡು ಹೋಗೋ ಹಕ್ಕು ನನಗಿದೆ."

ನಾನು ಬಾಗಿಲು ಹಾಕಿದೆ. ಬೆನ್ನು ಬಾಗಿಲಿಗೆ ಕೊಟ್ಟು ನಿಂತೆ. ಇನ್ನೂರು ವರ್ಷದ ಹಿಂದಿನ ಪುಸ್ತಕ ನನ್ನ ಹೊಸ್ತಿಲಿಗೆ ಬಂದು ಬೆಲ್ಲು ಒತ್ತಿದ ಹಾಗಾಯಿತು. ಆ ಹುಡುಗ ಅದನ್ನು ಓದಿರಲಿಕ್ಕಿಲ್ಲ. ಓದದೆಯೇ ಬಾಯಿಪಾಠವಾಗಿತ್ತು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಪಕ್ಕದ ಬಿಳಿಯರು ಹೊರಗೆ ಬರುತ್ತಿದ್ದರು. ಕಾರ್ಪೆಟ್ ಮೇಲೆ ಕೂತು, ಬಾಗಿಲಿಗೆ ಒರಗಿ, ಮೆಲ್ಲಗೆ ಕನ್ನಡದಲ್ಲಿ ಮಾತಾಡತೊಡಗಿದ. ದಾರಿಯಲ್ಲಿ ಹೋಗುವವರಿಗೆ ಜಪ ಮಾಡುತ್ತಿದ್ದಾನೆ ಎನಿಸಬೇಕು, ಹಾಗೆ. ಬಾ ಚಿನ್ನ, ಬಿಸಿ ಊಟ ಮಾಡೋಣ ಎಂದ. ಬರದಿದ್ದರೆ ನಾಳೆ ನಿನ್ನ ವೀಸಾ ಬೇಡ ಅಂತ ಬರೆದುಹಾಕುತ್ತೇನೆ ಎಂದ. ನಿನ್ನ ತಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ನೋಡುತ್ತೇನೆ ಎಂದ. ಎಲ್ಲವೂ ಒಂದೇ ಧ್ವನಿಯಲ್ಲಿ. ಆಮೇಲೆ ಅವಳ ತಾಯಿಗೆ ಫೋನು ಹಚ್ಚಿ ಸ್ಪೀಕರನ್ನು ಬಾಗಿಲ ಸಂದಿಗೆ ಹಿಡಿದ. ಬೆಂಗಳೂರಿನಿಂದ ಆ ತಾಯಿ ಅಳುತ್ತ ಹೇಳಿದ್ದೆಲ್ಲ ಒಳಗಿನ ಕೋಣೆಯವರೆಗೆ ಕೇಳಿಸಿತು.

ಹುಡುಗಿ ಹೊರಗೆ ಬಂದಳು. ಮುಖ ತೊಳೆದುಕೊಂಡು, ಕೂದಲು ಕಟ್ಟಿಕೊಂಡು ಬಂದಿದ್ದಳು. "ಹೋಗ್ತೀನಿ ಅಜ್ಜಿ," ಎಂದಳು.

ಹೋಗುವುದಿಲ್ಲ ನೀನು ಎಂದೆ. ಒಳಗಿನಿಂದ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಅವಳು ಕೈ ಚಾಚಿದಳು, ನಾನು ಅಲುಗಲಿಲ್ಲ. ಆಗ ಅವಳು ಒಂದು ಮಾತು ಹೇಳಿದಳು.

"ಬಿಡಿ ಅಜ್ಜಿ. ಅವ್ರೂ ಹೀಗೇ ಬೀಗ ಹಾಕ್ತಾರೆ."

ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಇನ್ನೊಬ್ಬರ ಮರ್ಜಿಯ ಕೆಳಗೆ ಇರದೆ ಇರುವುದು ಅಂದರೆ ನನ್ನ ಮರ್ಜಿಯ ಕೆಳಗೂ ಇರದೆ ಇರುವುದು. ಅವಳ ಒಳ್ಳೆಯದಕ್ಕೇ ಆದರೂ. ಆ ಮೇಷ್ಟ್ರ ಪುಸ್ತಕದಲ್ಲಿ ಇದಕ್ಕೆ ಏನು ಬರೆದಿದೆಯೋ ಗೊತ್ತಿಲ್ಲ; ನನ್ನ ಸೆರಗಿನಲ್ಲಿ ಬೀಗದ ಕೈ, ಹೊರಗೆ ಅವನು, ಮುಂದೆ ಇವಳು. ಬಾಗಿಲು ತೆಗೆದರೆ ಅವಳ ಹಲ್ಲು ಮುರಿಯುತ್ತದೆ. ತೆಗೆಯದಿದ್ದರೆ ಬೀಗ ಹಾಕುವುದರಲ್ಲಿ ನಾನು ಅವನ ಅಕ್ಕ.

ಹೊಳೆದದ್ದು ಒಂದೇ. ಹೊತ್ತು ಕಳೆಯಬೇಕು.

"ತಡಿ," ಎಂದೆ ಗಟ್ಟಿಯಾಗಿ, ಹೊರಗೂ ಕೇಳುವ ಹಾಗೆ. "ಮಂಗಳವಾರ, ರಾಹುಕಾಲ ಅದ. ಅದು ಮುಗೀಲಿ. ಆಮ್ಯಾಲ ಉಡಿ ತುಂಬಿ ಕಳಸ್ತೀನಿ. ಖಾಲಿ ಉಡೀಲೆ ಹೆಣ್ಣಮಗಳನ್ನ ನಮ್ಮ ಮನಿಯಿಂದ ಕಳಿಸಿದ್ದಿಲ್ಲ."

ಹೊರಗೆ ಜಪ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವನ ಧ್ವನಿ ಬಂತು. ಫೋನಿನಲ್ಲಿ ನೋಡಿದ್ದನಂತೆ. ಲಂಡನ್ನಿನ ಸೂರ್ಯನ ಲೆಕ್ಕದಲ್ಲಿ ರಾಹುಕಾಲ ಮುಗಿಯಲು ಇನ್ನೂ ಸ್ವಲ್ಪ ಇದೆ, ಕಾಯುತ್ತೇನೆ ಎಂದ. ಬ್ಯಾಂಕಿನ ಕಂಪ್ಯೂಟರು ನಡೆಸುವವನು, ಹೆಂಡತಿಯ ತುಟಿ ಒಡೆದವನು, ರಾಹುಕಾಲಕ್ಕೆ ಹೆದರಿ ನನ್ನ ಬಾಗಿಲಲ್ಲಿ ಕಾದ. ಹಿರಿಯರು ಉಡಿ ತುಂಬಿ ಕಳಿಸುತ್ತೇನೆ ಅಂದದ್ದು ಅವನಿಗೆ ಗೆದ್ದ ಹಾಗೆಯೂ ಆಗಿತ್ತು. ನಾಳೆ ಅತ್ತೆಗೆ ಹೇಳಿಕೊಳ್ಳಬಹುದಲ್ಲ.

ನಾನು ಮಣೆ ಹಾಕಿದೆ. ಹುಡುಗಿಯನ್ನು ಕೂರಿಸಿದೆ. ಅಕ್ಕಿಯ ಡಬ್ಬಿ ಎದುರಿಗೇ ಇತ್ತು. ಅದನ್ನು ಬಿಟ್ಟು ಬೇರೆ ಎಲ್ಲ ಡಬ್ಬಿ ತೆಗೆದೆ. ಕುಬಸದ ಕಣ ಹುಡುಕಲು ಪೂರ್ತಿ ಟ್ರಂಕು ಬಿಚ್ಚಿದೆ. ಉತ್ತತ್ತಿ ಸಿಗಲಿಲ್ಲ ಎಂದೆ, ಸಿಕ್ಕಿತು, ಅದಕ್ಕೆ ಹುಳ ಬಿದ್ದಿದೆ ಎಂದೆ. ಅರಿಷಿಣದ ಕೊಂಬು, ಅಡಿಕೆ, ಕೊಬ್ಬರಿ ಬಟ್ಟಲು, ಒಂದೊಂದನ್ನೂ ತೊಳೆದೆ, ಒರೆಸಿದೆ. ಹೊರಗಿನಿಂದ, "ರಾಹುಕಾಲ ಮುಗೀತು ಅಜ್ಜಿ," ಎಂದ. ಆಯಿತಪ್ಪ ಎಂದೆ. ಅವಳ ಓಡಣಿಯ ಸೆರಗು ಹಿಡಿಸಿ ಮೊದಲ ಬೊಗಸೆ ಅಕ್ಕಿ ಹಾಕಿದೆ. ಅವಳು ನೋಡುತ್ತಿದ್ದದ್ದು ಬಾಗಿಲನ್ನು. ಕುರಿ ನೋಡುವ ಹಾಗೆ. ನಾನು ಯಾವ ದೇವರಿಗೂ ಬೇಡಿಕೊಳ್ಳಲಿಲ್ಲ. ಮೊಮ್ಮಗಳನ್ನು ತರುವ ಜ್ಯೂಬಿಲಿ ಲೈನ್ ರೈಲಿಗೆ ಬೇಡಿಕೊಂಡೆ.

ಫಿಂಚ್ಲಿ ರೋಡಿನ ಹತ್ತಿರ ರೈಲು ಸುರಂಗದಿಂದ ಹೊರಗೆ ಬರುತ್ತದೆ. ಅಲ್ಲಿ ಮೊಮ್ಮಗಳ ಫೋನಿಗೆ ನನ್ನ ಮಾತು ಸಿಕ್ಕಿತ್ತು. ಅವಳು ನಮ್ಮ ಕಾರಿಡಾರು ಮುಟ್ಟಿದಾಗ ಹೊರಗೆ ಇಂಗ್ಲಿಷು ಕೇಳಿಸಿತು. ಅವನದು ಸೌಮ್ಯ ಇಂಗ್ಲಿಷು, ಇವಳದು ತಣ್ಣಗಿನ ಇಂಗ್ಲಿಷು. ಪೊಲೀಸರಿಗೆ ತಾನು ಆಗಲೇ ಫೋನು ಮಾಡಿದ್ದೇನೆ, ಬಾಗಿಲಿನಿಂದ ದೂರ ಸರಿ ಎಂದಳಂತೆ. ಅವನು ಸರಿದು ಲಿಫ್ಟಿನ ಹತ್ತಿರ ನಿಂತ. ಇವಳು ಒಳಗೆ ಬಂದಳು, ಬೆವರಿದ್ದಳು.

ಮಣೆಯ ಮೇಲೆ ಕೂತಿದ್ದ ಹುಡುಗಿಯ ಮುಂದೆ ಕೂತು ಕನ್ನಡದಲ್ಲಿ ಕೇಳಿದಳು. "ನಿಮಗೆ ಹೋಗ್ಬೇಕಾ?"

ಅಷ್ಟು ಹೊತ್ತು ನಾವು ಯಾರೂ ಅದನ್ನು ಕೇಳಿರಲಿಲ್ಲ. ಅವನು ಬಾ ಅಂದಿದ್ದ, ತಾಯಿ ಹೋಗು ಅಂದಿದ್ದಳು, ನಾನು ಹೋಗಬೇಡ ಅಂದಿದ್ದೆ. ಹುಡುಗಿಯ ಕೈಯಿಂದ ಓಡಣಿ ಜಾರಿ ಅಕ್ಕಿ ನೆಲಕ್ಕೆ ಬಿತ್ತು. "ಇಲ್ಲ," ಎಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು.

ಪೊಲೀಸರು ಬಂದರು, ನಮ್ಮ ಬಾಗಿಲಿಗೆ ಬರಬೇಡ ಎಂದು ಅವನಿಗೆ ಹೇಳಿದರು, ಪಾಸ್‌ಪೋರ್ಟು ಕೊಡಿಸಿದರು. ಅವಳು ನಮ್ಮಲ್ಲಿ ಉಳಿದಳು. ಮಗಳು ಡ್ಯೂಟಿಯಿಂದ ಬಂದು ಕೋಟು ಬಿಚ್ಚದೆ ಫೋನು ಹಿಡಿದು ಕೂರುತ್ತಿದ್ದಳು. ಹೊಡೆಸಿಕೊಂಡ ಹೆಂಗಸರನ್ನು ಇಟ್ಟುಕೊಳ್ಳುವ ಮನೆಗಳಿವೆ ಇಲ್ಲಿ. ಕೋಣೆ ಇದೆ ಎನ್ನುತ್ತಿದ್ದರು. ಯಾವ ವೀಸಾ ಎಂದು ಕೇಳುತ್ತಿದ್ದರು. ಆಮೇಲೆ ಇಲ್ಲ ಎನ್ನುತ್ತಿದ್ದರು. ಕೊನೆಗೆ ಒಂದು ಕಡೆಯವರು ಸರಕಾರದಿಂದ ಅವಳ ಹೆಸರಿನಲ್ಲೇ ಈ ದೇಶದಲ್ಲಿರಲು ಮೂರು ತಿಂಗಳ ಅನುಮತಿ ಕೊಡಿಸಿ, ಊರಾಚೆ ಎಲ್ಲೋ ಕೋಣೆ ಕೊಟ್ಟರು. ಎಲ್ಲಿ ಎಂದು ನಮಗೂ ಹೇಳಬಾರದು, ಅದು ಅಲ್ಲಿಯ ನಿಯಮ. ಹೋಗುವ ದಿನ ನಾನು ಪೂರ್ತಿ ಉಡಿ ತುಂಬಿದೆ. ಕೆಂಪು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೂರು ತಿಂಗಳ ಮೇಲೆ ಏನು ಎಂದು ಮೊಮ್ಮಗಳನ್ನು ಕೇಳಿದೆ. ಅವಳು ಮತ್ತೆ ಅದೇ ಮೇಷ್ಟ್ರನ್ನು ತೆಗೆದಳು. ಭೂಮಿ ಗುಂಡಗಿದೆ, ಯಾರೂ ಹುಟ್ಟಿನಿಂದ ಅದರ ಮಾಲೀಕರಲ್ಲ. ಆದ್ದರಿಂದ ಪರದೇಶಕ್ಕೆ ಬಂದವರನ್ನು ವೈರಿಯಂತೆ ಕಾಣಬಾರದು, ಅದು ದಯೆಯಲ್ಲ, ಬಂದವರ ಹಕ್ಕು. ಆದರೆ ಬರುವ ಹಕ್ಕು ಬೇರೆ, ಉಳಿಯುವ ಹಕ್ಕು ಬೇರೆ. ವಾಪಸು ಕಳಿಸಬಹುದು, ಕಳಿಸಿದರೆ ಅವರು ನಾಶವಾಗುವುದಿಲ್ಲ ಎಂದಾದರೆ.

"ನಾಶ ಅಂದ್ರ ಎಷ್ಟು?" ಎಂದು ಕೇಳಿದೆ. "ತುಟಿ ಒಡದ್ರ ನಾಶ ಹೌದೋ ಅಲ್ಲೋ?"

ಅವಳು ಪುಸ್ತಕ ಮುಚ್ಚಿದಳು. ಪ್ರಬಂಧಕ್ಕೆ ಒಳ್ಳೆಯ ಮಾರ್ಕು ಬಂತು ಎಂದು ಆಮೇಲೆ ತಿಳಿಯಿತು, ಆ ಸುದ್ದಿಯನ್ನು ಅವಳು ನಾಚಿಕೊಂಡು ಹೇಳಿದಳು.

ಅವನು ಮೇಲಿನ ಮಹಡಿಯಲ್ಲೇ ಇದ್ದ. ಲಿಫ್ಟಿನಲ್ಲಿ ಸಿಕ್ಕರೆ ಈಗಲೂ ಕೈ ಮುಗಿಯುತ್ತಿದ್ದ. ನಾನು ಮೆಟ್ಟಿಲು ಹತ್ತಲು ಕಲಿತೆ.

ಚಳಿ ಮುಗಿದು ಗಿಡಗಳಲ್ಲಿ ಚಿಗುರು ಕಂಡ ಮೇಲೆ ಒಂದು ದಿನ, ಸೋರುವ ನಲ್ಲಿಯ ಬಗ್ಗೆ ಮೇಲಿನ ಮಹಡಿಯ ಗುಜರಾತಿ ಹೆಂಗಸಿಗೆ ಹೇಳಲು ಹೋಗಿದ್ದೆ. ಅವನ ಬಾಗಿಲು ದಾಟಬೇಕು. ದಾಟುವಾಗ ಕಾಲು ನಿಂತುಬಿಟ್ಟಿತು. ಬಾಗಿಲ ಮುಂದೆ ಕೆಂಪು ಪಟ್ಟಿಯ ಚಪ್ಪಲಿ, ಕಪ್ಪು ದಾರದ ಹೊಲಿಗೆ. ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದವು.

ಬೆಲ್ಲು ಒತ್ತಿದೆ. ಅವಳೇ ತೆಗೆದಳು, ಸರಪಳಿಯ ಸಂದಿಯಷ್ಟು. ತೆಳ್ಳಗಾಗಿದ್ದಳು.

"ನೀನಾಗೇ ಬಂದಿಯೋ, ಅವನು ಕರಕೊಂಡು ಬಂದನೋ?" ಎಂದೆ.

ಅವಳು ಬಾಗಿಲ ಪಕ್ಕದ ಬೆಲ್ಲಿನ ಕಡೆ ಕಣ್ಣು ತೋರಿಸಿದಳು. ಅದರಲ್ಲಿ ಸಣ್ಣ ಕರಿಯ ಗಾಜು. "ಕ್ಯಾಮೆರಾ ಇದೆ ಅಜ್ಜಿ. ಆಫೀಸಲ್ಲಿ ಕಾಣತ್ತೆ." ದನಿ ತಗ್ಗಿಸಿ, "ಮೂರು ತಿಂಗಳು ಆಯ್ತಲ್ಲ. ಆಮೇಲೆ ಎಲ್ಲಿಗೆ ಹೋಗ್ಲಿ?" ಎಂದಳು. ಬಾಗಿಲು ಹಾಕಿಕೊಂಡಳು, ಶಬ್ದವಾಗದ ಹಾಗೆ.

ಅವಳನ್ನು ಯಾರೂ ಹಿಡಿದು ಎಳೆತಂದಿರಲಿಲ್ಲ. ಅವನು ಕೈ ಎತ್ತುವ ಅಗತ್ಯವೂ ಬಿದ್ದಿರಲಿಲ್ಲ. ಬೇರೆ ಎಲ್ಲ ಬಾಗಿಲು ಹಾಕಿದರೆ ಮನುಷ್ಯರು ತೆರೆದಿರುವ ಬಾಗಿಲಿಗೆ ತಾವಾಗಿಯೇ ಬರುತ್ತಾರೆ. ಅದನ್ನು ಅವಳ ಇಚ್ಛೆ ಎಂದು ಬರೆದುಕೊಳ್ಳುವವರು ಬರೆದುಕೊಳ್ಳಲಿ. ಮಗಳು ಮತ್ತೆ ಫೋನು ಹಿಡಿದು ಕೂರುತ್ತಿದ್ದಾಳೆ. ಆ ಹುಡುಗಿಯೇ ಸಹಾಯ ಕೇಳಬೇಕು, ಅವಳ ಪರವಾಗಿ ನೀವು ಕೇಳಲು ಬರುವುದಿಲ್ಲ ಎನ್ನುತ್ತಾರೆ ಆ ಕಡೆಯವರು. ಸರಿಯೇ. ನನಗೂ ಆ ಬೀಗದ ಕೈ ನೆನಪಿದೆ.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಮೇಲಿನ ಮಹಡಿಗೆ ಹೋಗುತ್ತೇನೆ. ಮಡಚುವ ಕುರ್ಚಿಯೊಂದನ್ನು ಒಯ್ಯುತ್ತೇನೆ. ಒಮ್ಮೆ ಮಾತ್ರ ಬೆಲ್ಲು ಒತ್ತಿ, ಬಾಗಿಲ ಈಚೆಯಿಂದ ಒಂದೇ ಮಾತು ಕೇಳುತ್ತೇನೆ: "ಇವತ್ತು ಬರ್ತಿಯೇನವ್ವಾ?" ಬಾಗಿಲು ತೆರೆಯುವುದಿಲ್ಲ. ಆದರೆ ಒಳಗೆ ಅವಳು ಬಾಗಿಲವರೆಗೆ ಬಂದು ನಿಲ್ಲುವುದು ಕೇಳಿಸುತ್ತದೆ. ನನ್ನ ಚಪ್ಪಲಿಯನ್ನು ಅವಳ ಚಪ್ಪಲಿಯ ಪಕ್ಕಕ್ಕೆ ಬಿಟ್ಟು, ಆ ಕರಿಯ ಗಾಜಿಗೆ ಕಾಣುವ ಹಾಗೆ ಕುರ್ಚಿ ಹಾಕಿ ಕೂರುತ್ತೇನೆ. ಕ್ಯಾನರಿ ವಾರ್ಫಿನಲ್ಲಿ ಅವನು ನೋಡುತ್ತಿರಬೇಕು. ನೋಡಲಿ.